ಮಗಳ ತೋಳಿಗೆ ತಮಾಷೆಗೆ ಕಟ್ಟಿದ ಬಿಪಿ ಪಟ್ಟಿ

ಎರಡು ವರ್ಷದ ಹಿಂದೆ, ದಸರಾ ರಜೆಯಲ್ಲಿ ನಡೆದದ್ದು ಇದು. ನಾನು ದೇವದುರ್ಗದಲ್ಲಿ ಬಸ್ ಕಂಡಕ್ಟರ್. ಗಬ್ಬೂರಿನ ಮೇಲೆ ಹಾದು ರಾಯಚೂರಿಗೆ ಹೋಗುವ ಬಸ್ಸಿನಲ್ಲೇ ನನ್ನ ಡ್ಯೂಟಿ ಹೆಚ್ಚು. ಕೂಲಿ ಮಾಡಿ ಬದುಕಿದ ನಮ್ಮ ಮನೆತನದಲ್ಲಿ ನೌಕರಿ ಹಿಡಿದವಳು ನಾನೇ ಮೊದಲು. ಗಂಡನಿಗೆ ಊರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ನಮಗೆ ಒಬ್ಬಳೇ ಮಗಳು, ಸುಜಾತಾ. ಆಗ ಆರನೇ ತರಗತಿಯಲ್ಲಿದ್ದಳು.

ಆ ದಿನ ಡಿಪೊದಲ್ಲಿ ಸಿಬ್ಬಂದಿಗೆ ಆರೋಗ್ಯ ತಪಾಸಣೆ ಇತ್ತು. ಅತ್ತೆ ಮಾನ್ವಿಯಲ್ಲಿದ್ದ ನಾದಿನಿಯ ಮನೆಗೆ ಹೋಗಿದ್ದರು. ಮನೆಯಲ್ಲಿ ಮಗಳೊಬ್ಬಳನ್ನೇ ಬಿಡುವುದು ಬೇಡವೆಂದು ಜೊತೆಗೆ ಕರೆದುಕೊಂಡು ಹೋದೆ. ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿದ್ದರು. ರಾಯಚೂರಿನಿಂದ ಬಂದಿದ್ದ ವೈದ್ಯರು ಇನ್ನೂ ಚಿಕ್ಕ ವಯಸ್ಸಿನವರು. ಎಲ್ಲರೊಂದಿಗೂ ನಗುತ್ತ ಮಾತಾಡುತ್ತಿದ್ದರು.

ನನ್ನ ಬಿಪಿ ನೋಡಿ, "ನಿಮ್ಮದು ಚಲೋ ಅದ ಅಕ್ಕಾರ. ದಿನಾ ಇಷ್ಟು ಮಂದಿ ಸಂಗಡ ಒದರಾಡಿದ್ರೂ ಏರಿಲ್ಲ" ಅಂದರು. ಪಟ್ಟಿ ಬಿಚ್ಚುವಾಗ ಅವರ ಕಣ್ಣು ಸುಜಾತಾಳ ಮೇಲೆ ಬಿತ್ತು. ಅವಳು ಗಾಳಿ ತುಂಬುವ ಆ ಕರಿ ಬುಗ್ಗೆಯನ್ನೇ ನೋಡುತ್ತ ನಿಂತಿದ್ದಳು.

"ನಿನಗೂ ಕಟ್ಲೇನವ್ವಾ?" ಎಂದು ಕೇಳಿದರು. ಅವರು ಕೇಳಿ ಮುಗಿಸುವಷ್ಟರಲ್ಲಿ ಇವಳು ತೋಳು ಚಾಚಿ ಕುಳಿತಾಗಿತ್ತು.

ಗಾಳಿ ತುಂಬಿದರು, ಬಿಟ್ಟರು. ಮತ್ತೆ ತುಂಬಿದರು. ಮಗು ಖುಷಿಪಡಲಿ ಎಂದು ಆಡಿಸುತ್ತಿದ್ದಾರೆ ಅಂದುಕೊಂಡೆ. ಆದರೆ ಅವರ ಮುಖದಲ್ಲಿನ ನಗು ಇಳಿದಿತ್ತು.

"ಓಡಿಕೋತ ಬಂದೀಯೇನು?"

"ಇಲ್ರಿ, ಅವ್ವನ ಸಂಗಡ ಅಲ್ಲೇ ಕುಂತಿದ್ದೆ."

ಅವಳನ್ನು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂರಿಸಿ, ಸಾಲಿನಲ್ಲಿದ್ದ ಇನ್ನಷ್ಟು ಜನರನ್ನು ನೋಡಿದರು. ಆಮೇಲೆ ಅವಳ ಇನ್ನೊಂದು ತೋಳಿಗೆ ಪಟ್ಟಿ ಕಟ್ಟಿ ನೋಡಿ ನನ್ನನ್ನು ಹತ್ತಿರ ಕರೆದರು.

"ಅಕ್ಕಾರ, ಈಕಿದು ಬಿಪಿ ಹೆಚ್ಚು ಅದ. ದೊಡ್ಡವರಿಗಿ ಇಷ್ಟಿದ್ರೂ ನಾವು ಗುಳಿಗಿ ಬರೀತೀವಿ."

ನನಗೆ ನಗು ಬಂತು. "ಪಟ್ಟಿ ದೊಡ್ಡವರದು ಅದಲ್ರಿ ಸರ್, ತಪ್ಪು ತೋರಿಸಿರಬೇಕು" ಅಂದೆ.

"ಸಣ್ಣ ತೋಳಿಗಿ ದೊಡ್ಡ ಪಟ್ಟಿ ಕಟ್ಟಿದ್ರ ಕಡಿಮಿ ತೋರಿಸ್ತದ್ರಿ, ಹೆಚ್ಚು ತೋರಿಸಂಗಿಲ್ಲ. ಅದಕ್ಕ ನನಗ ಚಿಂತಿ ಆಗ್ಯದ."

ಆಮೇಲೆ ಒಂದೊಂದೇ ಕೇಳತೊಡಗಿದರು. ತಲೆನೋವು ಬರುತ್ತದೆಯೇ? ಬರುತ್ತಿತ್ತು, ಅದಕ್ಕೇ ಕನ್ನಡಕ ಹಾಕಿಸಿದ್ದೆವು. ಮೂಗಿನಲ್ಲಿ ರಕ್ತ? ಬೇಸಿಗೆಯಲ್ಲಿ ಬರುತ್ತಿತ್ತು. ನಮ್ಮ ಕಡೆಯ ಬಿಸಿಲಿಗೆ ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ತಲೆಗೆ ತಣ್ಣೀರು ತಟ್ಟಿ, ಉಳ್ಳಾಗಡ್ಡಿ ಮೂಸಿಸಿ ಮಲಗಿಸುತ್ತಿದ್ದೆ.

"ಓಡಿದ್ರ ಏನಾರ ಆಗ್ತದೇನು?" ಎಂದು ಅವಳನ್ನೇ ಕೇಳಿದರು.

"ಕಾಲು ನೋಯ್ತಾವ್ರಿ, ಜೋಮು ಹಿಡೀತಾವ. ಖೋ ಖೋ ಆಡುವಾಗ ನಡುವ ಕುಂತು ಬಿಡ್ತೀನಿ. ಆಟದ ಸರ್ ಸೋಂಬೇರಿ ಅಂತಾರ."

ನಾನು ಈ ಮಾತು ಕೇಳಿದ್ದು ಅದೇ ಮೊದಲು. "ನನ್ನ ಮುಂದ ಯಾಕ ಹೇಳಿಲ್ಲ?" ಅಂದೆ.

"ಎಲ್ಲರಿಗೂ ಹಂಗ ಆಗ್ತದಂತ ತಿಳಕೊಂಡಿದ್ದೆ."

ವೈದ್ಯರು ಕುರ್ಚಿ ಬಿಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತರು. ಅವಳ ಚಪ್ಪಲಿ ಬಿಚ್ಚಿಸಿ, ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಒಂದು ಪಾದ, ಆಮೇಲೆ ಇನ್ನೊಂದು. ಬಹಳ ಹೊತ್ತು ಹುಡುಕಿದರು. ನಾಡಿ ಬೆರಳಿಗೆ ಸರಿಯಾಗಿ ಸಿಗುತ್ತಿಲ್ಲವೆಂದು ಕಾಣುತ್ತಿತ್ತು.

"ಗಾಬರಿ ಆಗಬ್ಯಾಡ್ರಿ. ಆದ್ರ ದಸರಾ ಮುಗೀಲಿ ಅಂತ ಕೂಡಬ್ಯಾಡ್ರಿ. ಇದ ವಾರ ರಾಯಚೂರಿಗಿ ಕರ್ಕೊಂಡು ಬರ್ರಿ, ನಾನು ಅಲ್ಲೇ ಇರ್ತೀನಿ. ಅಲ್ಲಿ ತನಕ ಓಡಿಸಬ್ಯಾಡ್ರಿ."

ಮನೆಗೆ ಬಂದು ಹೇಳಿದರೆ ಗಂಡ ನಂಬಲಿಲ್ಲ. "ಬಿಪಿ ಬರಾಕ ಆಕಿಗೇನು ಸಂಸಾರ ಅದ, ಸಾಲ ಅದ?" ಅಂದರು. ಮಾನ್ವಿಯಿಂದ ಫೋನಿನಲ್ಲಿ ಅತ್ತೆ, "ನಾ ಗುಳಿಗಿ ನುಂಗಾಕತ್ತಿದ್ದು ಮೊಮ್ಮಕ್ಕಳಾದ ಮ್ಯಾಲೆ. ಕೂಸಿಗಿ ಎಲ್ಲಿ ಬಿಪಿ ತಂದಿ? ಉಪ್ಪಿನಕಾಯಿ ಜಾಸ್ತಿ ತಿಂತಾಳ, ಅದನ್ನ ಬಿಡಸು ಸಾಕು. ದವಾಖಾನಿ ಬ್ಯಾಡ" ಅಂದರು. ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಆದರೆ ಕಣ್ಣು ಮುಚ್ಚಿದರೆ, ಆ ವೈದ್ಯರು ಮಗಳ ಪಾದ ಹಿಡಿದು ಏನನ್ನೋ ಹುಡುಕುತ್ತಿದ್ದದ್ದೇ ಕಾಣುತ್ತಿತ್ತು.

ರಜೆ ಹಾಕಿದೆ. ಬೆಳಗಿನ ಬಸ್ಸಿಗೆ ಹೊರಟು ನಿಂತಾಗ ಗಂಡ ಅಂಗಡಿಯ ಬೀಗದ ಕೈ ಜೇಬಿಗೆ ಹಾಕಿಕೊಂಡು ನಮ್ಮ ಜೊತೆ ಹತ್ತಿದರು.

ರಾಯಚೂರಿನಲ್ಲಿ ಮಕ್ಕಳಿಗೆಂದೇ ಇರುವ ಸಣ್ಣ ಪಟ್ಟಿ ಕಟ್ಟಿ ತೋಳಿನಲ್ಲಿ ನೋಡಿದರು, ಆಮೇಲೆ ಕಾಲಿನಲ್ಲೂ ನೋಡಿದರು. ತೋಳಿನಲ್ಲಿ ಹೆಚ್ಚು, ಕಾಲಿನಲ್ಲಿ ತೀರ ಕಡಿಮೆ. ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ಮೂತ್ರಪಿಂಡ ಸರಿಯಾಗಿದೆಯೇ ಎಂದು ನೋಡಿದರು. ಕೊನೆಗೆ ಎದೆಯ ಸ್ಕ್ಯಾನ್ ಆಯಿತು. ಅಲ್ಲಿದ್ದ ಹಿರಿಯ ವೈದ್ಯೆಯೊಬ್ಬರು ನಮ್ಮಿಬ್ಬರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದರು. ಹೃದಯದಿಂದ ಹೊರಟು ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ನಮ್ಮ ಮಗಳಿಗೆ ಒಂದು ಕಡೆ ಸಣ್ಣಗಾಗಿದೆ. ಹುಟ್ಟಿದಾಗಿನಿಂದಲೂ ಹಾಗೇ ಇದ್ದಿರಬೇಕು. ಅದರ ಆಚೆಗೆ ರಕ್ತ ನೂಕಲು ಹೃದಯ ಹೆಚ್ಚು ಜೋರು ಮಾಡುತ್ತಿದೆ.

ನನ್ನ ಗಂಡ ಮಾನ್ವಿ ಕಡೆಯ ಹಳ್ಳಿಯವರು, ಕಾಲುವೆಯ ಕೊನೇ ಭಾಗದಲ್ಲಿ ಬೆಳೆದವರು. ಅಲ್ಲಿಯತನಕ ತಲೆ ತಗ್ಗಿಸಿ ಕೇಳುತ್ತಿದ್ದವರು ಮೆಲ್ಲಗೆ, "ಅಂದ್ರ ಕಾಲುವಿ ಗೇಟ್ ಅರ್ಧ ಇಳಿಸಿದಂಗೇನ್ರಿ? ಮ್ಯಾಲಿನವರ ಹೊಲದಾಗ ನೀರು ಉಕ್ಕತಾವ, ಕೆಳಗ ನಮಗ ಹತ್ತಂಗಿಲ್ಲ" ಅಂದರು.

"ಅಷ್ಟ ರೀ. ತಲಿಗಿ, ಕೈಗಿ ಹೆಚ್ಚು. ಕಾಲಿಗಿ ಸಾಲಂಗಿಲ್ಲ."

"ಹಂಗ ಬಿಟ್ಟಿದ್ರ?" ಎಂದು ನಾನು ಕೇಳಿದೆ.

"ಹೃದಯ ದಣೀತಿತ್ತು. ಮಿದುಳಿಗೂ ಪೆಟ್ಟು ಬೀಳಬಹುದಿತ್ತು. ಈಗ ಸಿಕ್ಕದಲ್ಲ, ಅದನ್ನ ನೋಡ್ರಿ. ಇದು ನೀವು ತಿನಿಸಿದ್ದರಿಂದ ಬಂದಿದ್ದಲ್ಲ, ನೀವು ಮಾಡಿದ ತಪ್ಪೂ ಅಲ್ಲ."

ಸರಿಪಡಿಸಲು ಬೆಂಗಳೂರಿಗೆ ಹೋಗಬೇಕು, ಅಲ್ಲಿಯತನಕ ಗುಳಿಗೆ ತಪ್ಪಿಸಬಾರದು ಎಂದು ಬರೆದುಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಸುಜಾತಾ ಕಿಟಕಿಯ ಪಕ್ಕ ಕುಳಿತಿದ್ದಳು. ಹೆದರಿದ್ದಾಳೆ ಎಂದು ನಾನು ಅವಳ ಕೈ ಹಿಡಿದುಕೊಂಡೆ. ಊರು ದಾಟಿ ಸ್ವಲ್ಪ ದೂರ ಬಂದ ಮೇಲೆ ಅವಳೇ ಕೇಳಿದಳು.

"ಯವ್ವಾ, ಹಂಗಾದ್ರ ನಾನು ಸೋಂಬೇರಿ ಅಲ್ಲಲ್ಲ?"

"ಅಲ್ಲವ್ವ" ಅಂದೆ. ಅವಳ ತಲೆಯನ್ನು ನನ್ನ ಹೆಗಲಿಗೆ ಒರಗಿಸಿಕೊಂಡೆ. ಟಿಕೆಟ್ ಕೊಡುತ್ತ ಬಂದ ನಮ್ಮ ಡಿಪೊದ ಕಂಡಕ್ಟರ್ ನನ್ನ ಮುಖ ನೋಡಿ ಮುಂದೆ ಹೋದ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಎದೆ ಕೊಯ್ಯಲಿಲ್ಲ. ತೊಡೆಯ ನಾಳದ ಮೂಲಕ ತಂತಿ ಒಳಗೆ ಬಿಟ್ಟು, ಸಣ್ಣ ಬಲೂನಿನಿಂದ ಆ ಜಾಗ ಹಿಗ್ಗಿಸಿ, ಅದು ಮತ್ತೆ ಮುದುಡದಂತೆ ಲೋಹದ ಜಾಳಿಗೆಯ ಕೊಳವೆ ಇಡುತ್ತೇವೆ ಎಂದರು. ಬೇಡವೆಂದಿದ್ದ ಅತ್ತೆಯೂ ಹಟ ಹಿಡಿದು ನಮ್ಮ ಜೊತೆ ಬಂದಿದ್ದರು. ಮಗಳನ್ನು ಒಳಗೆ ಒಯ್ದ ಮೇಲೆ ನನಗೆ ಕೂರಲು ಆಗಲಿಲ್ಲ. ನಿಂತು ದುಡಿಯುವವಳು, ಗೋಡೆ ಹಿಡಿದು ನಿಂತೇ ಇದ್ದೆ. ಅತ್ತೆ ಬೆಂಚಿನ ಮೇಲೆ ಸರಿದು ಜಾಗ ಮಾಡಿದರು.

"ಕುಂದ್ರು ಬಾ. ನಾ ದವಾಖಾನಿ ಬ್ಯಾಡಂದಿದ್ದೆ, ನೀ ಕೇಳಲಿಲ್ಲ. ಚಲೋ ಮಾಡಿದಿ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನಗೆ ಚಲೋ ಮಾಡಿದಿ ಅಂದದ್ದು ನೆನಪಿಲ್ಲ. ಹೋಗಿ ಪಕ್ಕದಲ್ಲಿ ಕುಳಿತೆ.

ಮಧ್ಯಾಹ್ನ ವೈದ್ಯರು ಹೊರಗೆ ಬಂದು, ಎಲ್ಲ ಸರಿಯಾಗಿದೆ ಅಂದರು. ನಮ್ಮನ್ನು ಒಳಗೆ ಬಿಟ್ಟಾಗ ಅವಳು ಇನ್ನೂ ಮಂಪರಿನಲ್ಲಿದ್ದಳು. ಚಾದರದ ಕೆಳಗೆ ಕೈ ಹಾಕಿ ಪಾದ ಮುಟ್ಟಿದೆ. ಬೆಚ್ಚಗಿತ್ತು. ಅಷ್ಟು ವರ್ಷ ಆ ಪಾದಗಳು ತಣ್ಣಗಿದ್ದವು ಎಂಬುದು ನನಗೆ ತಿಳಿದದ್ದೇ ಆಗ.

ಈಗ ಸುಜಾತಾ ಎಂಟನೇ ತರಗತಿ. ಸಣ್ಣ ಗುಳಿಗೆಯೊಂದು ಇನ್ನೂ ಇದೆ. ಆಗಾಗ ರಾಯಚೂರಿಗೆ ಹೋಗಿ ಬಿಪಿ ನೋಡಿಸುತ್ತೇವೆ. ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ನಿಧಾನವಾಗಿ ಓಡಲು ಶುರು ಮಾಡಿದ್ದಾಳೆ. ಆಟದ ಮೇಷ್ಟ್ರಿಗೆ ತಾನೇ ಹೋಗಿ ಎಲ್ಲ ವಿವರಿಸಿ ಬಂದಳಂತೆ. ಡಿಪೊಕ್ಕೆ ಬಂದಿದ್ದ ಆ ವೈದ್ಯರು ಬೇರೆ ಊರಿಗೆ ವರ್ಗವಾಗಿದ್ದಾರೆ. ತಮಾಷೆಗೆ ಕಟ್ಟಿದ ಪಟ್ಟಿಯನ್ನು ಅವರು ತಮಾಷೆಯೆಂದೇ ಬಿಚ್ಚಿಬಿಡಬಹುದಿತ್ತು. ಬಿಚ್ಚಲಿಲ್ಲ. ಬಸ್ಸಿನಲ್ಲಿ ಯಾವುದಾದರೂ ಮಗು ತಲೆ ಹಿಡಿದುಕೊಂಡು ಕುಳಿತಿದ್ದರೆ, ಒಮ್ಮೆ ಬಿಪಿಯನ್ನೂ ನೋಡಿಸಿ ಎಂದು ತಾಯಿಗೆ ಹೇಳುತ್ತೇನೆ. ಕೆಲವರು ನಗುತ್ತಾರೆ. ನಗಲಿ.

ಇದನ್ನು ಬರೆಯುತ್ತೇನೆ ಅಂದಾಗ ಗುಂಜಹಳ್ಳಿಯ ಸಂಬಂಧಿಕರೊಬ್ಬರು, "ಹೆಣ್ಣು ಹುಡುಗಿ ವಿಷಯ ಅದ. ನಾಳೆ ಲಗ್ನಕ್ಕ ತೊಂದರಿ ಆಗ್ತದ, ಊರಿಗೆಲ್ಲ ಯಾಕ ಹೇಳ್ತಿ?" ಅಂದರು. ಅವರ ಮಾತಿಗೆ ಅಳುಕಿ ಮೊದಲು ಬರೆದದ್ದರಲ್ಲಿ ಮಗಳಿಗೆ ಬೇರೆ ಹೆಸರು ಹಾಕಿದ್ದೆ. ಸುಜಾತಾ ಶಾಲೆಯಿಂದ ಬಂದು, ಬ್ಯಾಗನ್ನೂ ಇಳಿಸದೆ ನಿಂತೇ ಓದಿದಳು.

"ಇದು ಯಾರ ಹೆಸರವ್ವಾ?"

"ನಿನ್ನ ಹೆಸರು ಬ್ಯಾಡಂತ ಬದಲಿ ಹಾಕೀನಿ."

"ನನಗ ಆಗಿದ್ದು ಬ್ಯಾರೆಯವರ ಹೆಸರಿಗಿ ಯಾಕ ಬರೀತಿ? ನಾನೇನು ಕಳವು ಮಾಡೀನೇನು?"

ಪೆನ್ನು ತೆಗೆದುಕೊಂಡು ಆ ಹೆಸರಿದ್ದಲ್ಲೆಲ್ಲ ಹೊಡೆದು, ಮೇಲೆ ತನ್ನದನ್ನು ದುಂಡಗೆ ಬರೆದಳು. ನಾನು ಅದನ್ನು ತಿದ್ದಲಿಲ್ಲ.