ಪಕ್ಕದ ಮಂಚದ ಮಾಬೂಬಿ ಚಾಚಿ

ಎರಡು ವರ್ಷದ ಹಿಂದಿನ ಮಾತು. ಬ್ಯಾಡಗಿ ಪೇಟೆಗೆ ಹೊಸ ಮೆಣಸಿನಕಾಯಿ ಬರುತ್ತಿದ್ದ ದಿನಗಳು. ಆಗ ನಮ್ಮೂರಿನ ಗಾಳಿಗೇ ಬಣ್ಣವಿದ್ದಂತೆ ನನಗೆ ಅನ್ನಿಸುತ್ತಿತ್ತು.

ನನ್ನ ಅವ್ವ ನೀಲವ್ವ ಮೂವತ್ತು ವರ್ಷ ಆ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ಹಾಗಾಗಿ ಅವಳ ಅಂಗೈ ಉರಿದರೆ, ಜಳಕ ಮಾಡಿದ ಮೇಲೆ ಮೈ ತುರಿಸಿದರೆ, ಮುಖ ಕೆಂಪೇರಿದರೆ, ಎಲ್ಲ ಮೆಣಸಿನಕಾಯಿಯದೇ ಎಂದು ಸುಮ್ಮನಿದ್ದೆವು. ಕೆಲಸ ಬಿಟ್ಟು ಮೂರು ವರ್ಷವಾದರೂ ಉರಿ ಹೋಗಲಿಲ್ಲ. ತಲೆ ಭಾರ ಎನ್ನುವಳು. ಕಣ್ಣ ಮುಂದೆ ಬೆಳ್ಳಗಿನ ಗೆರೆಗಳು ಹಾವಿನಂತೆ ಹರಿದಾಡುತ್ತವೆ ಎನ್ನುವಳು. ಕೊನೆಗೆ ಹಾವೇರಿಯ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ ಹೇಳಿದರು.

"ನಿಮ್ಮ ಅವ್ವಾರಿಗೆ ರಕ್ತ ಕಡಿಮಿ ಆಗಿಲ್ಲರಿ, ಹೆಚ್ಚಾಗೈತಿ. ಮೈಯಾಗ ಬೇಕಾದ್ದಕ್ಕಿಂತ ಜಾಸ್ತಿ ತಯಾರ ಆಗಾಕತ್ತೈತಿ. ಹಿಂಗ ದಪ್ಪಾದ ರಕ್ತ ಎಲ್ಲರೆ ಹೆಪ್ಪುಗಟ್ಟಿದ್ರ ಲಕ್ವಾ ಹೊಡೀತೈತಿ. ಇದು ಪೂರ್ತಿ ವಾಸಿ ಆಗೂ ಬ್ಯಾನಿ ಅಲ್ಲ. ಗುಳಿಗಿ ತಗೋಬೇಕು, ಆಗಾಗ ಬಂದು ರಕ್ತ ತಗಸಬೇಕು."

ನಾನು ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ತಿಂಗಳಿಗೊಂದು ರಜೆ ಹಾಕಿ ಅವ್ವನನ್ನು ಹಾವೇರಿಯ ಆಸ್ಪತ್ರೆಗೆ ಕರೆದೊಯ್ಯತೊಡಗಿದೆ. ಅಲ್ಲಿ ಪಕ್ಕದ ಮಂಚದಲ್ಲಿ ಸಿಕ್ಕವರು ರಾಣೆಬೆನ್ನೂರಿನ ಮಾಬೂಬಿ ಚಾಚಿ. ಅವ್ವನ ವಾರಿಗೆಯವರೇ, ಎಪ್ಪತ್ತರ ಹತ್ತಿರ. ಅವರದು ಉಲ್ಟಾ ಕಾಯಿಲೆ. ಮೈಯಲ್ಲಿ ರಕ್ತ ಸಾಕಷ್ಟು ತಯಾರಾಗದು, ತಿಂಗಳಿಗೊಮ್ಮೆ ಹಾಕಿಸಿಕೊಳ್ಳಬೇಕು. ಅವ್ವನ ತೋಳಿನಿಂದ ರಕ್ತ ಕೆಳಗಿನ ಚೀಲಕ್ಕೆ ಇಳಿಯುತ್ತಿದ್ದರೆ, ಮೇಲೆ ತೂಗುಹಾಕಿದ ಚೀಲದಿಂದ ಚಾಚಿಯ ತೋಳಿಗೆ ಹನಿ ಹನಿಯಾಗಿ ಇಳಿಯುತ್ತಿತ್ತು.

ಅವ್ವನದು ಅರ್ಧ ತಾಸಿನ ಕೆಲಸ. ಆದರೂ ಚಾಚಿಯದು ಮುಗಿಯುವ ತನಕ ಅಲ್ಲೇ ಮಲಗಿರುತ್ತಿದ್ದಳು. ರಕ್ತ ತೆಗೆದ ಮೇಲೆ ಅವಳಿಗೆ ಒಂದು ಥರದ ಮಂಪರು. ಚಾಚಿಯ ತವರು ಹೊಳೆದಂಡೆಯ ಮೇಡ್ಲೇರಿ. ಹುಡುಗಿಯಾಗಿದ್ದಾಗ ಎಮ್ಮೆ ಬಾಲ ಹಿಡಿದು ತುಂಗಭದ್ರೆಯಲ್ಲಿ ತೇಲಿದ್ದನ್ನು, ನಡು ಹೊಳೆಯ ಉಸುಕಿನ ದಿಬ್ಬದಲ್ಲಿ ಕಲ್ಲಂಗಡಿ ಒಡೆದು ತಿಂದದ್ದನ್ನು ಅವರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಅವ್ವ ಕಣ್ಣು ಮುಚ್ಚಿಕೊಂಡೇ "ಆಮ್ಯಾಲೆ?" ಎನ್ನುವಳು. ಕಿಟಕಿಯ ಹಸಿರು ಪರದೆ ಉಬ್ಬಿ ಇಳಿಯುತ್ತಿತ್ತು. ನಡುವೆ ಸ್ಟೂಲಿನ ಮೇಲೆ ಕುಳಿತ ನನಗೂ ಆಸ್ಪತ್ರೆ ಮರೆತು ಹೋಗಿ, ನಾವು ಮೂವರೂ ಎಲ್ಲೋ ನಿಧಾನವಾಗಿ ತೇಲುತ್ತಿದ್ದೇವೆ ಎನ್ನಿಸುತ್ತಿತ್ತು.

ಒಂದು ಸಲ ಚಾಚಿಯ ಗುಂಪಿನ ರಕ್ತ ಬೇಗ ಸಿಗಲಿಲ್ಲ. ಮಧ್ಯಾಹ್ನದವರೆಗೂ ಏದುಸಿರು ಬಿಡುತ್ತ ಗೋಡೆಗೊರಗಿ ಕಾದರು. ಅವ್ವ ನರ್ಸನ್ನು ಕರೆದು ಕೇಳಿದಳು, "ನಂದು ಈಗ ತಗದ್ರಲ್ಲ, ಅದನ್ನ ಏನ ಮಾಡತೀರಿ?"

"ಚೆಲ್ಲತೀವ್ರಿ ಅಮ್ಮಾರ. ಬ್ಯಾರೆಯವರಿಗೆ ಹಾಕಾಕ ಬರೂದಿಲ್ಲ ಅದು."

ಬಸ್ಸಿನಲ್ಲಿ ಬರುವಾಗ ಅವ್ವ ಹೇಳಿದಳು: "ಆಕಿ ಒಂದ ಚೀಲಕ್ಕ ಮಧ್ಯಾಹ್ನತನಾ ಕಾದ್ಲು. ನಂದು ಮಗ್ಗಲದಾಗ ಇತ್ತು, ಸುಮ್ನ ಚೆಲ್ಲಿದ್ರು. ನಾ ಇನ್ನ ಬರೂದಿಲ್ಲ ಶೈಲಾ."

ಸಿಟ್ಟಿನ ಮಾತು, ನಾಳೆ ಮರೆಯುತ್ತಾಳೆ ಅಂದುಕೊಂಡೆ. ಮರೆಯಲಿಲ್ಲ. ಮುಂದಿನ ತಿಂಗಳು ಬರಲಿಲ್ಲ, ಅದರ ಮುಂದಿನ ತಿಂಗಳೂ ಒಲ್ಲೆ ಎಂದಳು. ರಿಪೋರ್ಟು ಓದಿ ಹೇಳಿದೆ. ಲಕ್ವಾ ಹೊಡೆದವರ ಕಥೆ ಹೇಳಿ ಹೆದರಿಸಿದೆ. ಒಂದು ದಿನ ತಾಟು ಕುಕ್ಕಿ ಒದರಾಡಿದೆ. ಅವಳ ಕಣ್ಣು ಕೆಂಪಾಗಿ, ತುಟಿ ನೀಲಿಗೆ ತಿರುಗಿತ್ತು. ದಿಕ್ಕು ತೋಚದೆ ಚಾಚಿಗೆ ಫೋನ್ ಮಾಡಿ, ಅವ್ವ ಯಾಕೆ ಬರುತ್ತಿಲ್ಲವೆಂದು ಇದ್ದದ್ದನ್ನು ಹೇಳಿದೆ. ಅವರು "ಹೌದಾ" ಎಂದಷ್ಟೇ ಹೇಳಿ ಇಟ್ಟರು.

ನಾಲ್ಕು ದಿನದ ಮೇಲೆ ಬೆಳಿಗ್ಗೆ ಬಾಗಿಲ ಹೊರಗೆ ಯಾರೋ ಕೆಮ್ಮಿದಂತಾಯಿತು. ನೋಡಿದರೆ ನಮ್ಮ ಮೆಟ್ಟಿಲ ಮೇಲೆ ಮಾಬೂಬಿ ಚಾಚಿ ಕುಳಿತಿದ್ದಾರೆ. ಒಬ್ಬರೇ. ಅಂದು ಅವರಿಗೆ ರಕ್ತ ಹಾಕಿಸುವ ದಿನ, ಅಂದರೆ ಮೈಯಲ್ಲಿ ತ್ರಾಣವೇ ಇಲ್ಲದ ದಿನ. ಹಾವೇರಿಗೆ ಹೊರಟವರು ಮೋಟೆಬೆನ್ನೂರಿನಲ್ಲಿ ಇಳಿದು, ಟಂಟಂ ಆಟೋ ಹತ್ತಿ ಬ್ಯಾಡಗಿಗೆ ಬಂದು, ನಮ್ಮ ಓಣಿಯನ್ನು ಕೇಳುತ್ತ ಬಂದಿದ್ದರು. ಮೂರು ಮೆಟ್ಟಿಲಲ್ಲಿ ಎರಡು ಹತ್ತಿದ್ದರು, ಮೂರನೆಯದು ಆಗಿರಲಿಲ್ಲ.

ಅವ್ವ ಓಡಿ ಬಂದು ಅವರ ಪಕ್ಕ ಕುಳಿತಳು. "ಈ ಹಾಲತ್ತಿನ್ಯಾಗ ಯಾಕ ಬಂದಿ ಮಾಬೂಬಿ?"

ಚಾಚಿಗೆ ಉಸಿರು ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ನಿನ್ನ ಕರಕೊಂಡ ಹೋಗಾಕ ಬಂದೇನಿ."

"ನಿನ್ನಂಥಾಕಿಗೆ ರಕ್ತ ಸಿಗವಲ್ದು. ನಾ ಬಂದು ಚೆಲ್ಲಿಸಬೇಕೇನು?"

"ನಂಗ ರಕ್ತ ಕೊಟ್ಟವ್ರ ಮಾರಿ ನಾ ಒಂದಿನಾನೂ ನೋಡಿಲ್ಲ ಅಕ್ಕಾ. ನಿನ್ನ ಮಾರಿ ನೋಡೇನಿ," ಎಂದರು ಚಾಚಿ. "ಹ್ವಾದ ತಿಂಗಳ ನಿನ್ನ ಮಂಚ ಖಾಲಿ ಇತ್ತು. ಮೂರ ತಾಸು ಒಬ್ಬಾಕೀನ ಮಲಗಿದ್ದೆ. ಖರೇ ಹೇಳತೇನಿ, ನಂಗ ಭಾಳ ಅಂಜಿಕಿ ಬಂತು."

ಅವ್ವ ಅವರ ಬಿಳಿಚಿದ ಕೈಯನ್ನು ತನ್ನ ಕೆಂಪು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಎದ್ದು ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. "ನಡಿ, ಲಗೂ ಹೋಗೂಣು. ನಿಂಗ ತಡಾ ಆಗತೈತಿ," ಎಂದಳು, ಚಾಚಿಯೇ ತಡ ಮಾಡಿದವರೇನೋ ಎಂಬಂತೆ.

ಅಂದು ಅವ್ವನ ರಕ್ತ ನೋಡಿದ ಡಾಕ್ಟರು, "ಇನ್ನೊಂದೀಟು ದಿನ ಬಿಟ್ಟಿದ್ರ ಕೈ ಮೀರಿ ಹೋಗತಿತ್ತು," ಎಂದರು. ಮಧ್ಯಾಹ್ನದ ಹೊತ್ತಿಗೆ ಎರಡೂ ಮಂಚದ ಮಾತು ನಿಧಾನವಾಗಿ ನಿಂತಿತು. ಇಬ್ಬರಿಗೂ ನಿದ್ದೆ ಹತ್ತಿತ್ತು. ಚಾಚಿಯ ತುಟಿಗೆ ಬಣ್ಣ ಬರುವುದನ್ನು, ಅವ್ವನ ಮುಖದ ಬಿಗಿ ಸಡಿಲುವುದನ್ನು ನಾನು ನೋಡುತ್ತ ಕುಳಿತೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಎರಡು ತಿಂಗಳು ನಾನು ಅವ್ವನಿಗೆ ಅವಳ ಕಾಯಿಲೆಯ ಬಗ್ಗೆ ಎಷ್ಟೊಂದು ಹೇಳಿದ್ದೆ. ನನ್ನ ಬಗ್ಗೆ ಏನನ್ನೂ ಹೇಳಿರಲಿಲ್ಲ.

"ಅವ್ವಾ," ಎಂದೆ, "ನೀ ಬರೂದಿಲ್ಲ ಅಂದಾಗ ನಂಗೂ ಅಂಜಿಕಿ ಬಂದಿತ್ತು."

ಅವ್ವ ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನೇ ನೋಡಿದಳು. "ಮದಲ ಹೇಳಬಾರದೇನ ಹುಚ್ಚಿ," ಎಂದಳು.

ಇಬ್ಬರ ಕಾಯಿಲೆಯೂ ಇನ್ನೂ ಹಾಗೇ ಇದೆ. ಇಬ್ಬರೂ ಒಂದೇ ದಿನ ಹಾವೇರಿಗೆ ಬರುತ್ತಾರೆ. ನಾನೂ ಹೋಗುತ್ತೇನೆ. ಈಗ ಅವ್ವನಿಗೆ ಹೆದರಿಸಿ ಹೇಳುವ ಕೆಲಸ ನನಗಿಲ್ಲ. ನನಗೆ ಹೆದರಿಕೆಯಾದಾಗ ಮಾತ್ರ ಹೇಳುತ್ತೇನೆ.