ದುರ್ಬೀನಿನೊಳಗಿನ ಬೂಷ್ಟು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆಲ್ದೂರಿನಾಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಬರೆಯುವವನು ಹೌದು, ಆದರೆ ಬರೆಯುವುದು ಆಳುಗಳ ಹಾಜರಿ ಮಾತ್ರ. ಕುಯ್ಲಿನ ಕಾಲದಲ್ಲಿ ಕಾಫಿ ಒಣಗಿಸುವ ಕಣವನ್ನು ನೋಡಿಕೊಳ್ಳುವುದೂ ನನ್ನ ಕೆಲಸವೇ. ಎದುರು ಗುಡ್ಡದಲ್ಲಿ ಆನೆ ಇಳಿದರೆ ಮೊದಲೇ ಗೊತ್ತಾಗಲಿ ಎಂದು ಸಾಹುಕಾರರು ತಮ್ಮ ಹಳೆಯ ದುರ್ಬೀನನ್ನು ನನಗೆ ಕೊಟ್ಟಿದ್ದರು. ಎರಡು ವರ್ಷದಲ್ಲಿ ಅದರೊಳಗೆ ಒಂದೇ ಒಂದು ಆನೆ ಕಾಣಲಿಲ್ಲ. ಆನೆಗಳು ಹಿಂದುಗಡೆಯಿಂದ ಬರುತ್ತಿದ್ದವು.

ಡಿಸೆಂಬರಿನ ಒಂದು ದಿನ, ಕತ್ತಲಾದ ಮೇಲೆ, ಸಿಪ್ಪೆ ಸುಲಿದ ಕಾಫಿಬೀಜದ ಪಾರ್ಚ್‌ಮೆಂಟ್ ರಾಶಿಗೆ ಟಾರ್ಪಾಲು ಹೊದಿಸಿ ಕಣದ ಕಟ್ಟೆಗೆ ಒರಗಿ ಕೂತಿದ್ದೆ. ಕರೆಂಟ್ ಹೋಗಿತ್ತು. ಮಾಡಲು ಬೇರೇನೂ ಇಲ್ಲದೆ ದುರ್ಬೀನನ್ನು ಮೇಲಕ್ಕೆ ತಿರುಗಿಸಿದೆ. ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ, ನಕ್ಷತ್ರಗಳ ನಡುವೆ, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಉದ್ದನೆಯ ಬಿಳಿ ಕಲೆಯೊಂದು ಕಂಡಿತು. ನಮ್ಮ ಕಡೆ ಬೆಲ್ಟು, ಚಪ್ಪಲಿ, ಮದುವೆ ಫೋಟೋ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಲೆನ್ಸಿಗೂ ಹಿಡಿದಿದೆ ಎಂದುಕೊಂಡೆ. ಸಾಹುಕಾರರ ವಸ್ತು. ಹೆದರಿಕೆಯಾಯಿತು.

ಭಾನುವಾರ ಆಲ್ದೂರಿಗೆ ಹೋಗಿ ವಾಚು ರಿಪೇರಿಯವನಿಗೆ ಕೊಟ್ಟೆ. ಬಿಚ್ಚಿ ನೋಡಿ, "ಇದರೊಳಗೆ ಒಂದು ತೋಟವೇ ಬೆಳೆದಿದೆ" ಎಂದ. ಒರೆಸಿ ಕೊಟ್ಟ. ಸಂಜೆ ನೋಡಿದರೆ ಕಲೆ ಇದ್ದಲ್ಲೇ ಇತ್ತು, ಇನ್ನೂ ಸ್ಪಷ್ಟವಾಗಿ.

ಮುಂದಿನ ವಾರ ಮತ್ತೆ ಹೋದೆ. ಅವನು ದುರ್ಬೀನನ್ನು ಬಸ್ ಸ್ಟ್ಯಾಂಡಿನ ಕಡೆ ಹಿಡಿದು ನೋಡಿದ.

"ಎಲ್ಲಿದೆ ಕಲೆ?"

"ಇಲ್ಲಿ ಕಾಣಲ್ಲ. ಆಕಾಶದಲ್ಲಿ ಮಾತ್ರ."

ಅವನು ದುರ್ಬೀನನ್ನು ನನ್ನ ಕೈಗೆ ವಾಪಸ್ಸು ಕೊಟ್ಟ. "ಲೆನ್ಸಿಗೆ ನಾನು ಜವಾಬ್ದಾರಿ ಮಾರಾಯ್ರೆ. ಆಕಾಶಕ್ಕಲ್ಲ."

ಕಣದಲ್ಲಿ ಕಾಫಿ ಎಳೆದು ಹರಡುವ ಹೆಂಗಸೊಬ್ಬರಿದ್ದರು. ಐವತ್ತು ದಾಟಿತ್ತು, ಮದುವೆಯಾಗಿ ಬಂದಾಗಿನಿಂದ ಅದೇ ಕಣ. ಅವತ್ತು ಸಂಜೆ ಅವರಿಗೆ ನನ್ನ ಕಷ್ಟ ಹೇಳಿಕೊಂಡೆ. ಅವರು ದುರ್ಬೀನು ಮುಟ್ಟಲಿಲ್ಲ. ಸುಮ್ಮನೆ ತಲೆ ಎತ್ತಿದರು.

"ಅಲ್ಲಿ ತಾನೆ? ಅದು ಬರಿಗಣ್ಣಿಗೇ ಕಾಣ್ತದೆ. ಪ್ರತಿ ಕುಯ್ಲಿಗೂ ಬರ್ತದೆ."

"ಏನದು?"

"ನಂಗೇನು ಗೊತ್ತು? ಇಲ್ಲಿ ತನಕ ಯಾರೂ ಕೇಳಿರ್ಲಿಲ್ಲ."

ಬೆಳಗಿನ ಬಸ್ಸಿನಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೊಬ್ಬರು ಸಿಗುತ್ತಿದ್ದರು. ಅವರಿಗೆ ಕಲೆಯ ಜಾಗ, ಆಕಾರ, ಹೊತ್ತು ಎಲ್ಲ ವಿವರಿಸಿದೆ. ಅವರ ದನಿ ಸಣ್ಣದಾಯಿತು.

"ಅದು ಆಂಡ್ರೊಮಿಡಾ. ನಮ್ಮದರ ಹಾಗೇ ಇನ್ನೊಂದು ಗೆಲಾಕ್ಸಿ. ಇಪ್ಪತ್ತು ವರ್ಷದಿಂದ ಪಾಠ ಮಾಡ್ತಿದೀನಿ."

"ನೋಡಿದೀರಾ ಸಾರ್?"

"ಪುಸ್ತಕದಲ್ಲಿ."

ಶನಿವಾರ ಸಂಜೆಯ ಬಸ್ಸಿಗೆ ಮೇಷ್ಟ್ರು ಸ್ವೆಟರು, ಮಂಕಿಕ್ಯಾಪು ಹಾಕಿಕೊಂಡು ಬಂದರು. ಅವತ್ತು ಮಂಜು ಮುಚ್ಚಿತು. ನನ್ನ ಕೋಣೆಯಲ್ಲೇ ಉಳಿದರು. ಭಾನುವಾರ ಆಕಾಶ ತೊಳೆದಿಟ್ಟ ಹಾಗಿತ್ತು, ಆದರೆ ಮೇಷ್ಟ್ರಿಗೆ ಜಾಗ ಸಿಗಲೊಲ್ಲದು. ಪೂರ್ವ, ಪಶ್ಚಿಮ ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಕಣದಲ್ಲಿ ಮೂರು ಸುತ್ತು ತಿರುಗಿದರು. ಕೊನೆಗೆ ಆ ಹೆಂಗಸು ಕಾಫಿ ಎಳೆಯುವ ಹಲಗೆ ಕೆಳಗಿಟ್ಟು ಬಂದು, ಹಿಂದೆ ನಿಂತು, ಮಂಕಿಕ್ಯಾಪಿನ ಎರಡೂ ಕಿವಿ ಹಿಡಿದು ಅವರ ತಲೆಯನ್ನೇ ತಿರುಗಿಸಿದರು.

"ಇನ್ನೂ ಮೇಲೆ. ಹಾಂ. ಈಗ ಅಲ್ಲಾಡ್ಬೇಡಿ."

ಮೇಷ್ಟ್ರು ಅಲ್ಲಾಡಲಿಲ್ಲ.

"ಚಿತ್ರದಲ್ಲಿ ಬಣ್ಣ ಇತ್ತು" ಎಂದರು. ಆದರೂ ದುರ್ಬೀನು ಇಳಿಸಲಿಲ್ಲ. ನಾನು ಕಾಫಿ ಕಾಯಿಸಿ ತಂದೆ, ಅದು ಆರಿತು. ಕಡೆಗೆ ಅವರು, ಅಲ್ಲಿ ಸೂರ್ಯನಂಥವು ಕೋಟಿ ಕೋಟಿ ಇವೆಯೆಂದೂ, ಈಗ ಕಂಡ ಬೆಳಕು ಅಲ್ಲಿಂದ ಹೊರಟು ಇಪ್ಪತ್ತೈದು ಲಕ್ಷ ವರ್ಷವಾಯಿತೆಂದೂ ಹೇಳಿದರು. ಹೇಳುವಾಗ ಕಣ್ಣು ಒದ್ದೆಯಾಗಿತ್ತು. ಚಳಿಗೆ ಎಂದರು. ಚಳಿ ಇತ್ತು, ನಿಜ.

"ಅಲ್ಲಿ ಜನ ಇದಾರಾ?" ಆ ಹೆಂಗಸು ಕೇಳಿದರು.

"ಗೊತ್ತಿಲ್ಲಮ್ಮ."

"ಇಪ್ಪತ್ತು ವರ್ಷ ಪಾಠ ಮಾಡಿದ್ರಲ್ಲ?"

ಮೇಷ್ಟ್ರು ಮತ್ತೆ ದುರ್ಬೀನು ಎತ್ತಿದರು. ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, ಆಕೆ ಒಂದು ದಿನ ಒಂಬತ್ತನೇ ಕ್ಲಾಸಿಗೆ ಬರಬಹುದೇ ಎಂದು ಕೇಳಿದರು. ನಾನು ಸಾಹುಕಾರರ ಅನುಮತಿ ಕೇಳಿದೆ.

"ಶಾಲೆಗಾ? ಪಾಠ ಕೇಳೋಕಾ?"

"ಅಲ್ಲ, ಮಾಡೋಕೆ."

ಸಾಹುಕಾರರು ಪೇಪರ್ ಮಡಿಸಿಟ್ಟು ಯೋಚಿಸಿದರು. "ಹಾಗಾದ್ರೆ ಜೀಪಿನಲ್ಲಿ ಕರ್ಕೊಂಡು ಹೋಗಿ" ಎಂದರು.

ಆಕೆ ಹೊಸ ಸೀರೆ ಉಟ್ಟು ಬಂದರು. ಕರಿಹಲಗೆಯ ಮುಂದೆ ನಿಂತು ಹೇಳಿದ್ದು ಇಷ್ಟೇ: "ಮೊದಲು ಕಾಣಲ್ಲ. ಕಾಣಲ್ಲ ಅಂತ ಎದ್ದು ಹೋಗ್ಬೇಡಿ. ಕಣ್ಣು ಕತ್ತಲಿಗೆ ಒಗ್ಗಬೇಕು. ಆಮೇಲೆ ಅದೇ ಕಾಣ್ತದೆ." ಉಳಿದ ಅರ್ಧ ಗಂಟೆ ಮಕ್ಕಳು ಪ್ರಶ್ನೆ ಕೇಳಿದರು. ಗೊತ್ತಿದ್ದಕ್ಕೆ ಉತ್ತರ ಕೊಟ್ಟು, ಗೊತ್ತಿಲ್ಲದ್ದಕ್ಕೆ ಮೇಷ್ಟ್ರ ಕಡೆ ಕೈ ತೋರಿಸಿದರು.

ವಾಪಸ್ಸು ಬರುವಾಗ ಹೇಗಾಯಿತು ಎಂದು ಕೇಳಿದೆ.

"ಮಕ್ಕಳು ಚೆನ್ನಾಗಿ ಕೇಳಿದ್ರು" ಎಂದರು. "ಬರ್ಕೊಂಡಿದ್ದು ಮಾತ್ರ ಮೇಷ್ಟ್ರೊಬ್ರೇ."