ಮುನಿಕೃಷ್ಣಮ್ಮನ ಹಿಡಿ

ಜಕ್ಕೂರಿನ ಹಳೇ ಊರಿನ ಮುನಿಕೃಷ್ಣಮ್ಮನಿಗೆ ಗಂಡ ಪಿಳ್ಳಪ್ಪನಿಂದ ಒದೆ ಬೀಳದ ವಾರವಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಒಂದು ಏಟು, ಹೆಚ್ಚಾದರೆ ಎರಡು. ಇಪ್ಪತ್ತೆಂಟು ವರ್ಷದಲ್ಲಿ ಅವಳ ಎರಡು ಹಲ್ಲು, ಒಂದು ಪಕ್ಕೆಲುಬು ಮುರಿದಿದ್ದ. ಬಲಗೈಯನ್ನು ಮಾತ್ರ ಮುಟ್ಟಿರಲಿಲ್ಲ. ಆ ಕೈಯಡುಗೆ ಅವನಿಗೂ ಬೇಕಿತ್ತಲ್ಲ, ಹೊಟ್ಟೆಬಾಕನಿಗೆ!

ಅವಳು ಅಡುಗೆ ಮಾಡುತ್ತಿದ್ದದ್ದು ಮನೆಮನೆಗೆ ಊಟದ ಡಬ್ಬಿ ಕಳಿಸುವ ಬ್ಯಾಟರಾಯನಪುರದ ರಮಾಳ ಅಡುಗೆಮನೆಯಲ್ಲಿ. ಚಮಚ, ಲೋಟ ಅವಳಿಗೆ ಬೇಕಿರಲಿಲ್ಲ, ಅಳತೆಯೆಲ್ಲ ಮುಷ್ಟಿಯಲ್ಲೇ. ಒಮ್ಮೆ ಜ್ವರ ಬಂದು ಮಲಗಿದಾಗ ಬಸ್ಸಾರಿನ ಮಸಾಲೆಯನ್ನು ಫೋನಿನಲ್ಲೇ ಹೇಳಿದಳು: "ಕೊತ್ತಂಬ್ರಿ ಇಡಿ ಹಾಕಮ್ಮ." ಜಕ್ಕೂರಿನ ಬಾಯಲ್ಲಿ ಹಿಡಿ ಅಂದರೆ ಇಡಿ. ರಮಾ ಅದನ್ನು 'ಇಡೀ' ಅಂದುಕೊಂಡು ತಂದಿದ್ದ ದೊಡ್ಡ ಕಂತೆಯನ್ನೇ ರುಬ್ಬಿ ಸುರಿದಳು. ಅವತ್ತಿನ ಸಾರನ್ನು ನಾಯಿಯೂ ಮೂಸಲಿಲ್ಲ.

ಮುನಿಕೃಷ್ಣಮ್ಮ ಮರಳಿ ಬರುವಷ್ಟರಲ್ಲಿ ಒಲೆಯ ಪಕ್ಕ ಡಿಜಿಟಲ್ ತಕ್ಕಡಿ ಬಂದಿತ್ತು. "ಇನ್ಮೇಲೆ ಗ್ರಾಂ ಲೆಕ್ಕ ಕಣ್ರೀ," ಅಂದಳು ರಮಾ. ಮುನಿಕೃಷ್ಣಮ್ಮ ನಗುತ್ತಾ ಒಂದು ಹಿಡಿ ಕೊತ್ತಂಬರಿ ಇಟ್ಟಳು. ಇಪ್ಪತ್ನಾಲ್ಕು ಗ್ರಾಂ. ಇನ್ನೊಂದು ಹಿಡಿ, ಇಪ್ಪತ್ನಾಲ್ಕು. ಮೂರನೆಯದೂ ಅಷ್ಟೇ. ಪುದೀನ ಹದಿನೆಂಟು, ಸಬ್ಬಸಿಗೆ ಇಪ್ಪತ್ತೊಂದು. ರಮಾ ಬೆರಗಾಗಿ ಎಲ್ಲವನ್ನೂ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದಳು.

ಆ ಹಿಗ್ಗನ್ನು ಮನೆಯಲ್ಲಿ ಹೇಳಿಕೊಂಡಳು ನೋಡಿ, ಅದೇ ತಪ್ಪಾಯಿತು. ಆ ಅಳತೆ ಅತ್ತೆ ಸಾಯುವ ಮುಂಚೆ ಕೈ ಹಿಡಿದು ಕಲಿಸಿದ್ದು. ಹೊರಗಿನವರಿಗೆ ಹೇಳಿದರೆ ಕೈಗುಣ ಹೋಗುತ್ತದೆ ಅನ್ನುವುದು ಆ ಮನೆಯ ನಂಬಿಕೆ.

"ನಮ್ಮವ್ವನ ಅಳ್ತೆ ಊರೋರಿಗೆ ಬರ್ಸ್ಕೊಟ್ಯಾ?" ಎಂದು ಪಿಳ್ಳಪ್ಪ ಅವಳ ಬಲಗೈಯನ್ನು ಒರಳಿನ ಮೇಲೆ ಒತ್ತಿ ಹಿಡಿದು ಗುಂಡುಕಲ್ಲು ಹಾಕಿದ. ಒಂದು ಸಲ ಸಾಲಲಿಲ್ಲ. ಎರಡು ಸಲ ಹಾಕಿದ.

ಆರು ವಾರ ಪಟ್ಟಿ. ಬಿಚ್ಚಿದಾಗ ಎರಡು ಬೆರಳು ಮಡಚುತ್ತಿರಲಿಲ್ಲ. ಕೆಲಸಕ್ಕೆ ಮರಳಿದ ದಿನ ಹಿಡಿ ಕೊತ್ತಂಬರಿ ತಕ್ಕಡಿಗಿಟ್ಟಳು. ಹದಿನೈದು. ಮತ್ತೆ ಹಿಡಿದಳು, ಹನ್ನೊಂದು. ಕಲ್ಲು ಬಿದ್ದಾಗ ಅಳದವಳು ಆ ಅಂಕಿ ನೋಡಿ ಗೊಳೋ ಎಂದು ಅತ್ತಳು. ಕೈ ಹೋದರೆ ಅವಳಿಗೆ ಉಳಿಯುವುದಾದರೂ ಏನು?

"ಚೀಟಿ ಇದೆಯಲ್ರೀ, ತೂಕ ಹಾಕಿ ಮಾಡಿ," ಅಂದಳು ರಮಾ. ಮಾಡಿದಳು. ಸಾರು ಅದೇ ಸಾರು, ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಕಣ್ಣೊರೆಸಿಕೊಂಡು ಎರಡನೇ ಪಾತ್ರೆ ಒಲೆಗಿಟ್ಟಳು.

ಅಷ್ಟರಲ್ಲಿ ಪಿಳ್ಳಪ್ಪ ನುಗ್ಗಿ ಬಂದ. ಗೋಡೆಯ ಚೀಟಿ ಹರಿದ. ಅವಳ ಜುಟ್ಟು ಹಿಡಿದು ಮುಖವನ್ನು ಒಲೆಕಟ್ಟೆಯ ಕಡಪ ಕಲ್ಲಿಗೆ ಅಪ್ಪಳಿಸಿದ. ಮೂಗಿನ ರಕ್ತ ಕೊತ್ತಂಬರಿಯ ಮೇಲೆ ತೊಟ್ಟಿಕ್ಕಿತು. ಮತ್ತೆ ಅಪ್ಪಳಿಸಲು ತನ್ನ ಬಲಗೈಯನ್ನು ಕಲ್ಲಿಗೆ ಊರಿದ. ಮುನಿಕೃಷ್ಣಮ್ಮನ ಎಡಗೈಗೆ ಮಸಾಲೆ ಕುಟ್ಟುವ ಗುಂಡುಕಲ್ಲು ಸಿಕ್ಕಿತು. ಎತ್ತಿ ಅವನ ಕೈಮೇಲೆ ಹಾಕಿದಳು. ಎರಡು ಸಲ ಹಾಕಿದಳು. ಮೂರನೆಯದಕ್ಕೆ ಎತ್ತಿದವಳು ಲೆಕ್ಕ ನೆನಪಾಗಿ ಇಳಿಸಿದಳು.

ಅವನನ್ನು ಆಸ್ಪತ್ರೆಗೆ ಕಳಿಸಿ ತಾನೇ ನಡೆದು ಪೊಲೀಸ್ ಠಾಣೆಗೆ ಹೋದಳು. ಅಲ್ಲಿದ್ದವರು ಪೆನ್ನು ಹಿಡಿದು, "ಏನಾಯ್ತಮ್ಮಾ?" ಅಂದರು.

"ನನ್ ಇಡಿ ಇಪ್ಪತ್ನಾಲ್ಕು ಗ್ರಾಂ ಇತ್ತು ಸ್ವಾಮಿ. ಈಗ ಅನ್ನೊಂದು, ಅದಿನೈದು," ಎಂದಳು. "ಅವನ್ದೆಷ್ಟಾಯ್ತೋ, ಇನ್ನೂ ತೂಕ ಆಕಿಲ್ಲ."